ಸೈಲೆನ್ಸರ್ ಕೊರೆದರೆ ಗರಗಸಕ್ಕೆ ಬಲ ಬಂದೀತೇ?

ಮಲೆನಾಡಿನ ತೋಟಗಳಲ್ಲಿ ಈಗ ಕೊಡಲಿಯ ಸದ್ದಿಗಿಂತ ಮೋಟಾರು ಗರಗಸದ ಸದ್ದೇ ಹೆಚ್ಚು. ಮಳೆಗಾಲದ ಗಾಳಿಗೆ ದಾರಿಗಡ್ಡ ಬಿದ್ದ ಮರ ತೆಗೆಯಲು, ಒಣಗಿದ ಸಿಲ್ವರ್ ಓಕ್ ಇಳಿಸಲು, ಮರಗಸಿಯಲ್ಲಿ ಕೆಡವಿದ ಕೊಂಬೆಗಳನ್ನು ಸೌದೆಗೆ ತುಂಡು ಮಾಡಲು ಅದಿಲ್ಲದೆ ಆಗದು ಎನ್ನುವ ಸ್ಥಿತಿಗೆ ಬಂದಿದ್ದೇವೆ. ಆಳು ಸಿಗದ ಈ ಕಾಲದಲ್ಲಿ ಯಂತ್ರವನ್ನು ದೂರುವುದು ನನ್ನ ಉದ್ದೇಶವಲ್ಲ. ಆದರೆ ಯಂತ್ರದ ಬೆನ್ನಿಗೇ ಒಂದು ಖಯಾಲಿಯೂ ತೋಟಕ್ಕೆ ಬಂದಿದೆ. ಅದರ ಬಗ್ಗೆ ರೈತ ಮಿತ್ರರಲ್ಲಿ ನಾಲ್ಕು ಮಾತು ಹೇಳಬೇಕಾಗಿದೆ.

ಗರಗಸ ಸ್ವಲ್ಪ ಹಳೆಯದಾಯಿತು, ದಪ್ಪ ದಿಮ್ಮಿಯಲ್ಲಿ ಏದುಸಿರು ಬಿಡುತ್ತಿದೆ ಎನ್ನಿ. ಯಾರೋ ಒಬ್ಬರು ಸಲಹೆ ಕೊಡುತ್ತಾರೆ: ಸೈಲೆನ್ಸರ್ ಬಿಚ್ಚಿ, ಒಳಗಿನ ಜಾಲರಿ ಕಿತ್ತು ಹಾಕಿ, ಹೊಗೆ ಹೋಗುವ ಬಾಯಿ ದೊಡ್ಡದು ಮಾಡಿ, ಆಗದಿದ್ದರೆ ಪಕ್ಕದಲ್ಲಿ ಇನ್ನೊಂದು ತೂತು ಕೊರೆಯಿರಿ. ಯಂತ್ರಕ್ಕೆ ಉಸಿರಾಡಲು ದಾರಿಯಾಗುತ್ತದೆ, ಬಲ ಬರುತ್ತದೆ ಎಂದು. ಹತ್ತು ನಿಮಿಷದ ಕೆಲಸ, ಖರ್ಚೂ ಇಲ್ಲ. ಮಾಡಿ ಚಾಲೂ ಮಾಡಿದರೆ ಸದ್ದು ಊರಿಗೇ ಕೇಳುತ್ತದೆ. ಬಲ ಬಂತು ಎಂದು ಮಾಲೀಕನಿಗೆ ಸಂತೋಷ.

ಈ ಬುದ್ಧಿ ನಮಗೆ ಹೊಸದೇನೂ ಅಲ್ಲ. ಮೈಸೂರಿನ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ಜಾವಾ, ಯೆಜ್ಡಿ ಬೈಕುಗಳು ತಯಾರಾದುವು. 1985ರಲ್ಲಿ ಯಮಹಾ ಆರ್‌ಎಕ್ಸ್ 100 ಬಂತು. ಆ ಬೈಕುಗಳ ಸೈಲೆನ್ಸರಿನಿಂದ ಬ್ಯಾಫಲ್ ಎಳೆದು ಬಿಸಾಡಿ ಊರ ರಸ್ತೆಯಲ್ಲಿ ಓಡಾಡಿದ ಹುಡುಗರು ಈಗ ಅಜ್ಜಂದಿರಾಗುತ್ತಿದ್ದಾರೆ. ಸದ್ದು ಹೆಚ್ಚಿದ್ದಂತೂ ನಿಜ; ವೇಗ ಎಷ್ಟು ಹೆಚ್ಚಿತು ಎಂದು ಗಡಿಯಾರ ಹಿಡಿದು ನೋಡಿದವರು ಕಡಿಮೆ. ಅದೇ ಬೈಕಿನ ಪಾಠವನ್ನು ಈಗ ಗರಗಸಕ್ಕೆ ಹಚ್ಚುತ್ತಿದ್ದೇವೆ. ಆದರೆ ಬೈಕಿನ ಸೈಲೆನ್ಸರ್ ಉದ್ದನೆಯ ಕೊಳವೆ. ಅದರ ಆಕಾರವೇ ಹೊಗೆಯ ಒತ್ತಡದ ಅಲೆಯನ್ನು ಹಿಂದಕ್ಕೆ ಕಳಿಸಿ, ಹೊರಗೆ ಜಾರುವ ಪೆಟ್ರೋಲನ್ನು ಮತ್ತೆ ಸಿಲಿಂಡರಿಗೆ ತಳ್ಳುವಂತೆ ಮಾಡಿದ್ದು. ಗರಗಸದ್ದು ಅಂಗೈಯಗಲದ ಒಂದು ತಗಡಿನ ಡಬ್ಬಿ. ಎರಡಕ್ಕೂ ಒಂದೇ ಲೆಕ್ಕ ನಡೆಯುವುದಿಲ್ಲ.

ಹಾಗಾದರೆ ಡಬ್ಬಿ ತೆರೆದರೆ ಬಲ ಬರುವುದು ಪೂರ್ತಿ ಸುಳ್ಳೇ? ಅಲ್ಲ. ಈ ವಿಷಯದಲ್ಲಿ ನ್ಯಾಯವಾಗಿ ಮಾತನಾಡಬೇಕು. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಸುಟ್ಟ ಹೊಗೆ ಹೊರಹೋಗುವ ಕಿಂಡಿ, ಹೊಸ ಪೆಟ್ರೋಲು ಗಾಳಿ ಒಳಬರುವ ಕಿಂಡಿ ಎರಡೂ ಸ್ವಲ್ಪ ಹೊತ್ತು ಒಟ್ಟಿಗೇ ತೆರೆದಿರುತ್ತವೆ. ಒಳಬರುವ ಹೊಸ ಗಾಳಿಯೇ ಹಳೆಯ ಹೊಗೆಯನ್ನು ದೂಡಬೇಕು. ಮುಂದೆ ದಾರಿ ಇಕ್ಕಟ್ಟಾದರೆ ಒಂದಿಷ್ಟು ಹೊಗೆ ಒಳಗೇ ಉಳಿಯುತ್ತದೆ, ಅಷ್ಟು ಬಲ ಕುಗ್ಗುತ್ತದೆ. ಅಮೆರಿಕದಲ್ಲಿ 1997ರಿಂದ, ಯುರೋಪಿನಲ್ಲಿ 2002ರ ನಿರ್ದೇಶನದ ನಂತರ ಸಣ್ಣ ಎಂಜಿನ್ನುಗಳ ಹೊಗೆಗೂ ಮಿತಿ ಬಂತು. ಆಮೇಲೆ ಬಂದ ಕೆಲವು ಮಾದರಿಗಳಲ್ಲಿ ಸೈಲೆನ್ಸರ್ ಬಾಯಿ ತೀರ ಸಣ್ಣದಾಗಿದೆ. ಅಂಥ ಯಂತ್ರದ ಬಾಯಿಯನ್ನು ತಿಳಿದವರು ಹದವರಿತು ಹಿಗ್ಗಿಸಿ, ಅದಕ್ಕೆ ತಕ್ಕಂತೆ ಕಾರ್ಬುರೇಟರನ್ನೂ ಹೊಂದಿಸಿದರೆ ಬಲ ಹೆಚ್ಚುವುದು ನಿಜವೇ. ವಿದೇಶಗಳಲ್ಲಿ ಮರ ಕಡಿಯುವುದನ್ನೇ ವೃತ್ತಿ ಮಾಡಿಕೊಂಡವರು ಇದನ್ನು ಮಾಡಿಕೊಳ್ಳುವುದುಂಟು.

ನಮ್ಮಲ್ಲಿ ನಡೆಯುತ್ತಿರುವುದು ಅದರ ಅರ್ಧ ಭಾಗ ಮಾತ್ರ. ಡಬ್ಬಿ ತೆರೆಯುತ್ತಾರೆ, ಕಾರ್ಬುರೇಟರ್ ಮುಟ್ಟುವುದಿಲ್ಲ. ಅಪಾಯ ಇರುವುದು ಇಲ್ಲೇ.

ಹೊಗೆಯ ದಾರಿ ಸಲೀಸಾದರೆ ಎಂಜಿನ್ನು ಹೆಚ್ಚು ಗಾಳಿ ಎಳೆಯುತ್ತದೆ. ಪೆಟ್ರೋಲಿನ ತಿರುಪು ಮೊದಲಿದ್ದ ಜಾಗದಲ್ಲೇ ಇದ್ದರೆ ಗಾಳಿ ಹೆಚ್ಚಾಗಿ ಪೆಟ್ರೋಲು ಕಡಿಮೆ ಬೀಳುತ್ತದೆ. ಮೆಕ್ಯಾನಿಕ್ಕುಗಳು ಲೀನ್ ಎನ್ನುವುದು ಇದಕ್ಕೇ. ಲೀನಾದ ಎಂಜಿನ್ನು ಮೊದಲ ದಿನ ಬಹಳ ಚುರುಕಾಗಿಯೇ ಓಡುತ್ತದೆ, ಸುತ್ತು ಏರುತ್ತದೆ, ಸದ್ದು ಚೂಪಾಗುತ್ತದೆ. ಮಾಲೀಕ ಮೋಸ ಹೋಗುವುದು ಈ ಮೊದಲ ದಿನವೇ. ಒಳಗೆ ಕಾವು ಏರುತ್ತಿರುತ್ತದೆ. ಇನ್ನೊಂದು ಸಂಗತಿಯನ್ನು ನೀವು ಗಮನಿಸಬೇಕು. ಕಾರಿನಲ್ಲೋ ಟ್ರ್ಯಾಕ್ಟರಿನಲ್ಲೋ ಎಂಜಿನ್ ಎಣ್ಣೆಗೆ ಬೇರೆ ಜಾಗವಿದೆ. ಗರಗಸದ ಎಂಜಿನ್ನಿಗೆ ಎಣ್ಣೆ ಸಿಗುವುದು ಪೆಟ್ರೋಲಿನ ಜೊತೆಯಲ್ಲಿ ಮಾತ್ರ. ಒಂದು ಲೀಟರಿಗೆ 20 ಮಿಲಿಲೀಟರ್ ಬೆರೆಸುತ್ತೀರಲ್ಲ, ಪಿಸ್ಟನ್ನಿಗೂ ಬೇರಿಂಗಿಗೂ ಇರುವ ಆಸರೆ ಅಷ್ಟೇ. ಪೆಟ್ರೋಲು ಕಡಿಮೆಯಾಯಿತೆಂದರೆ ಎಣ್ಣೆಯೂ ಕಡಿಮೆಯಾಯಿತು. ಕಾವು ಏರುವ ಹೊತ್ತಿಗೇ ಎಣ್ಣೆ ಇಳಿಯುತ್ತದೆ. ಪಿಸ್ಟನ್ನಿನ ಹೊಗೆಕಿಂಡಿಯ ಮಗ್ಗುಲು ಎಲ್ಲಕ್ಕಿಂತ ಬಿಸಿಯಾದದ್ದು. ಅಲ್ಲಿ ಅಲ್ಯೂಮಿನಿಯಂ ಹಿಗ್ಗಿ ಸಿಲಿಂಡರ್ ಗೋಡೆಗೆ ಉಜ್ಜಿ ಗೀರು ಬೀಳುತ್ತದೆ. ಒಂದು ದಿನ ದಿಮ್ಮಿಯ ನಡುವೆ ಗಕ್ಕನೆ ನಿಂತರೆ ಪಿಸ್ಟನ್ ಹಿಡಿದುಕೊಂಡಿತು ಎಂದೇ ಅರ್ಥ. ಆಮೇಲೆ ಸಿಲಿಂಡರ್, ಪಿಸ್ಟನ್ ಎರಡನ್ನೂ ಹೊಸದಾಗಿ ಹಾಕಿಸಬೇಕು. ಬಿಟ್ಟಿ ಬಂದ ಬಲದ ನಿಜವಾದ ಬೆಲೆ ಅಂಗಡಿಯ ಬಿಲ್ಲಿನಲ್ಲಿ ಕಾಣುತ್ತದೆ.

ಕೆಲವರು ಇದಕ್ಕೆ ಒಂದು ಉಪಾಯ ಹೇಳುತ್ತಾರೆ: ಎಣ್ಣೆ ಸ್ವಲ್ಪ ಜಾಸ್ತಿ ಹಾಕಿದರಾಯಿತು! ಅದು ಇನ್ನೊಂದು ತಪ್ಪು. ಅದೇ ಬಟ್ಟಲಿನಲ್ಲಿ ಎಣ್ಣೆ ಹೆಚ್ಚಿದರೆ ಪೆಟ್ರೋಲಿನ ಪಾಲು ಇಳಿಯುತ್ತದೆ, ಎಂಜಿನ್ನು ಮತ್ತಷ್ಟು ಲೀನಾಗುತ್ತದೆ. ಸುಡದೆ ಉಳಿದ ಎಣ್ಣೆ ಕರಿಯಾಗಿ ಕಿಂಡಿಗೂ ಜಾಲರಿಗೂ ಮೆತ್ತಿಕೊಳ್ಳುತ್ತದೆ.

ಈಚಿನ ವರ್ಷಗಳಲ್ಲಿ ಇದಕ್ಕೆ ಪೆಟ್ರೋಲ್ ಬಂಕಿನ ಕಡೆಯಿಂದಲೂ ಒಂದು ಸೇರ್ಪಡೆಯಾಗಿದೆ. ಶೇಕಡಾ 20 ಎಥೆನಾಲ್ ಬೆರೆಸಿದ ಪೆಟ್ರೋಲಿಗೆ 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ಸಿಕ್ಕಿತು. 2025ರ ಹೊತ್ತಿಗೆ ಅದು ದೇಶದ ಉದ್ದಗಲಕ್ಕೂ ಹಬ್ಬಿತು. ಕಬ್ಬು, ಜೋಳ ಬೆಳೆಯುವವರಿಗೆ ಅದರಿಂದ ಅನುಕೂಲವಿದೆ, ಅದು ಬೇರೆ ಚರ್ಚೆ. ಗರಗಸದ ಮಟ್ಟಿಗೆ ಲೆಕ್ಕ ಹೀಗೆ: ಬರಿಯ ಪೆಟ್ರೋಲು ಒಂದು ಕಿಲೋ ಸರಿಯಾಗಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಎಥೆನಾಲಿನಲ್ಲಿ ಆಮ್ಲಜನಕ ಮೊದಲೇ ಇರುವುದರಿಂದ ಈ ಮಿಶ್ರಣಕ್ಕೆ ಸುಮಾರು 13.5 ಕಿಲೋ ಸಾಕು. ಅಂದರೆ ತಿರುಪು ಕದಲಿಸದೆ ಬಂಕಿನ ಪೆಟ್ರೋಲನ್ನು ಹಾಕಿದ ಮಾತ್ರಕ್ಕೇ ಹಳೆಯ ಗರಗಸ ಶೇಕಡಾ 8ರಷ್ಟು ಲೀನಾಗಿ ಓಡುತ್ತದೆ. ಅದರ ಮೇಲೆ ಸೈಲೆನ್ಸರಿಗೂ ತೂತು ಬಿದ್ದರೆ? ನಿಮ್ಮ ಯಂತ್ರದ ಕೈಪಿಡಿಯನ್ನು ಒಮ್ಮೆ ತೆರೆದು ನೋಡಿ. ಶೇಕಡಾ 10ಕ್ಕಿಂತ ಹೆಚ್ಚಿನ ಎಥೆನಾಲ್ ಬೇಡ ಎಂದು ಅನೇಕ ಕೈಪಿಡಿಗಳಲ್ಲಿ ಬರೆದಿದೆ. ಎಥೆನಾಲ್ ತೇವವನ್ನೂ ಎಳೆಯುತ್ತದೆ. ನಮ್ಮ ಮಳೆಗಾಲದಲ್ಲಿ ಕ್ಯಾನಿನಲ್ಲಿ ತಿಂಗಳುಗಟ್ಟಲೆ ಇಟ್ಟ ಮಿಶ್ರಣದ ತಳದಲ್ಲಿ ನೀರು ಬೇರೆಯಾಗಿ ನಿಲ್ಲಬಹುದು. ಆದ್ದರಿಂದ ವಾರಕ್ಕೆ ಬೇಕಾದಷ್ಟೇ ಬೆರೆಸಿ. ಕೆಲಸ ಮುಗಿದ ಮೇಲೆ ಟ್ಯಾಂಕ್ ಬರಿದು ಮಾಡಿ, ಎಂಜಿನ್ನು ತಾನಾಗಿ ನಿಲ್ಲುವವರೆಗೆ ಓಡಿಸಿ ಇಡಿ.

ಯಂತ್ರದ ಮಾತು ಇಷ್ಟಾಯಿತು. ಅದನ್ನು ಹಿಡಿಯುವವನ ಮಾತು ಅದಕ್ಕಿಂತ ದೊಡ್ಡದು. ತೋಟದ ಮಾಲೀಕರಲ್ಲಿ ಎಷ್ಟು ಮಂದಿ ಸ್ವತಃ ದಿನವಿಡೀ ಗರಗಸ ಹಿಡಿಯುತ್ತೇವೆ? ಹಿಡಿಯುವವನು ಕೂಲಿಗೆ ಬಂದವನು. ಸೈಲೆನ್ಸರ್ ತೆರೆಯುವ ತೀರ್ಮಾನ ನಮ್ಮದು, ಕಿವಿ ಅವನದು. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯೊಂದರ ಲೆಕ್ಕದಂತೆ 85 ಡೆಸಿಬಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಇರಬಹುದು. ಪ್ರತಿ 3 ಡೆಸಿಬಲ್ ಏರಿದಂತೆ ಆ ಹೊತ್ತು ಅರ್ಧಕ್ಕೆ ಇಳಿಯುತ್ತದೆ. 100 ಡೆಸಿಬಲ್ ಆದರೆ 15 ನಿಮಿಷ, ಅಷ್ಟೇ. ಸೈಲೆನ್ಸರ್ ಸರಿ ಇರುವ ಗರಗಸವೇ ಹಿಡಿದವನ ಕಿವಿಯ ಹತ್ತಿರ ಸಾಮಾನ್ಯವಾಗಿ ನೂರನ್ನು ದಾಟುತ್ತದೆ. ಇನ್ನು ತೆರೆದದ್ದರ ಲೆಕ್ಕ ನೀವೇ ಹಾಕಿ. ಕಿವಿಗೆ ರಕ್ಷಣೆ ಕೊಡದೆ ಬೆಳಗಿನಿಂದ ಸಂಜೆಯವರೆಗೆ ಈ ಕೆಲಸ ಮಾಡಿಸುವುದು ಆತನ ಶ್ರವಣವನ್ನು ದಿನಗೂಲಿಗೆ ಕೊಂಡಂತೆ. ಕೂಲಿಯ ಚೀಟಿಯಲ್ಲಿ ಅದರ ಲೆಕ್ಕ ಬರೆದವರಿಲ್ಲ.

ಕಿವಿ ಕೆಡಲು ವರ್ಷಗಳು ಬೇಕು, ನಿಜ. ಆದರೆ ಅಂದೇ ಆಗುವ ಅನಾಹುತವೂ ಇದೆ. ಮರ ಬೀಳುವ ಮೊದಲು ಬುಡದಲ್ಲಿ ನಾರು ಹರಿಯುವ ಚಟಚಟ ಸದ್ದು ಬರುತ್ತದೆ. ಹಗ್ಗ ಹಿಡಿದವನು ಕೂಗಿ ಎಚ್ಚರಿಸುತ್ತಾನೆ. ಮೇಲೆ ಒಣಕೊಂಬೆ ಮುರಿದರೆ ದೂರ ನಿಂತವರು ಬೊಬ್ಬೆ ಹೊಡೆಯುತ್ತಾರೆ. ಇವೆಲ್ಲ ಗರಗಸ ಹಿಡಿದವನಿಗೆ ಕೇಳಬೇಕಾದ ಸದ್ದುಗಳು. ಡಬ್ಬಿ ತೆರೆದ ಯಂತ್ರದ ಅಬ್ಬರದಲ್ಲಿ ಸುತ್ತ ನಿಂತವರಿಗೂ ಒಬ್ಬರ ಕೂಗು ಇನ್ನೊಬ್ಬರಿಗೆ ಕೇಳದು.

ಬೆಂಕಿಯ ವಿಷಯ ಕಾಫಿ ಬೆಳೆಗಾರರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ಕೊಯ್ಲು ಮುಗಿದು ಹೂಮಳೆಗೆ ಕಾಯುವ ಫೆಬ್ರುವರಿ, ಮಾರ್ಚ್ ತಿಂಗಳಲ್ಲಿ ಸಿಲ್ವರ್ ಓಕಿನ ತರಗೆಲೆ ಮೊಣಕಾಲು ಮುಟ್ಟುವಷ್ಟು ಬಿದ್ದಿರುತ್ತದೆ. ಜಾಲರಿ ಇರುವುದು ಬಲ ಕುಗ್ಗಿಸುವುದಕ್ಕಲ್ಲ, ಕೆಂಡದಂಥ ಕರಿಯ ಚೂರು ಹೊರಗೆ ಹಾರದಿರಲಿ ಎಂದು. ಅದರ ಕಣ್ಣು ಸುಮಾರು 0.6 ಮಿಲಿಮೀಟರ್ ಅಷ್ಟೇ ಇರುತ್ತದೆ. ಅಮೆರಿಕದ ಸರ್ಕಾರಿ ಕಾಡುಗಳಲ್ಲಿ ಈ ಕಿಡಿ ತಡೆಯುವ ಜಾಲರಿಯಿಲ್ಲದೆ ಗರಗಸ ಓಡಿಸಲು ಬಿಡುವುದಿಲ್ಲ. ನಾವು ಅದನ್ನು ಕಿತ್ತು ತಿಪ್ಪೆಗೆ ಎಸೆಯುತ್ತೇವೆ. ಹೊಸ ತೂತು ಎಲ್ಲಿ ಬಿತ್ತು ಎಂಬುದನ್ನೂ ನೋಡುವುದಿಲ್ಲ. ಬಿಸಿಗಾಳಿ ಪ್ಲಾಸ್ಟಿಕ್ ಕವಚಕ್ಕೋ ಹಿಡಿದವನ ಕೈಗೋ ನೆಟ್ಟಗೆ ಬಡಿಯುವಂತೆ ಕೊರೆದರೆ ಅದರ ಫಲ ಬೇಗನೆ ಕಾಣುತ್ತದೆ. ಎಂಜಿನ್ನಿಗೆ ಕೂಡಿದಂತೆಯೇ ಸೈಲೆನ್ಸರ್ ಕೊರೆದು ಕಬ್ಬಿಣದ ಪುಡಿಯನ್ನು ಸಿಲಿಂಡರಿಗೆ ಉದುರಿಸಿಕೊಂಡರಂತೂ ಕಾರ್ಬುರೇಟರಿನ ಚರ್ಚೆಯೇ ಬೇಡ.

ಹಾಗಾದರೆ ಬಲ ಕುಗ್ಗಿದ ಗರಗಸಕ್ಕೆ ಏನು ಮಾಡಬೇಕು? ನನ್ನ ಅಭಿಪ್ರಾಯದಲ್ಲಿ ಬಲ ಕುಗ್ಗಿತು ಎನ್ನುವ ದೂರುಗಳಲ್ಲಿ ಹೆಚ್ಚಿನವು ಎಂಜಿನ್ನಿನವಲ್ಲ, ಚೈನಿನವು. ಕೊಯ್ದಾಗ ಬೀಳುವುದನ್ನು ಅಂಗೈಗೆ ತೆಗೆದುಕೊಂಡು ನೋಡಿ. ಚಕ್ಕೆಚಕ್ಕೆಯಾಗಿ ಬಿದ್ದರೆ ಹಲ್ಲು ಹರಿತವಾಗಿದೆ. ರಾಗಿ ಹಿಟ್ಟಿನಂತೆ ಬಿದ್ದರೆ ಮೊಂಡಾಗಿದೆ. ಹರಿತವಾದ ಚೈನು ತಾನೇ ಮರದೊಳಕ್ಕೆ ಇಳಿಯುತ್ತದೆ; ಮೊಂಡಾದದ್ದನ್ನು ಮೈಭಾರ ಹಾಕಿ ಒತ್ತಬೇಕು. ಒಂದು ಸಲ ಮಣ್ಣಿಗೋ ಕಲ್ಲಿಗೋ ತಾಗಿದರೆ ಹೊಸ ಚೈನೂ ಕ್ಷಣದಲ್ಲಿ ಮೊಂಡಾಗುತ್ತದೆ. ನೆಲದ ಮೇಲೆ ಬಿದ್ದ ದಿಮ್ಮಿಯನ್ನು ಅಡಿಗೆ ತುಂಡಿಡದೆ ಕೊಯ್ಯುವ ನಮ್ಮ ಅಭ್ಯಾಸಕ್ಕೆ ಇದೇ ಶಿಕ್ಷೆ.

ಹರಿತ ಮಾಡಲು ಬೇಕಾದದ್ದು ಉರುಟು ಅರ. ಅದರ ಗಾತ್ರ ಚೈನಿಗೆ ಹೊಂದಬೇಕು. ಸಣ್ಣ ಗರಗಸಗಳ ತಗ್ಗು ಮಾದರಿಯ ಮೂರೆಂಟಾಂಶ ಇಂಚಿನ ಚೈನಿಗೆ 4 ಮಿಲಿಮೀಟರಿನ ಅರ, 0.325 ಇಂಚಿನ ಚೈನಿಗೆ 4.8, ದೊಡ್ಡ ಗರಗಸದ ಮೂರೆಂಟಾಂಶದ ಚೈನಿಗೆ 5.2 ಅಥವಾ 5.5. ಕೈಗೆ ಸಿಕ್ಕಿದ ಅರದಲ್ಲಿ ಉಜ್ಜಿದರೆ ಹಲ್ಲಿನ ಕೊಕ್ಕೆಯ ಆಕಾರವೇ ಹೋಗುತ್ತದೆ. ಸಾಮಾನ್ಯವಾಗಿ 25ರಿಂದ 30 ಡಿಗ್ರಿ ಓರೆಯಲ್ಲಿ, ಒಳಗಿನಿಂದ ಹೊರಕ್ಕೆ ಒಂದೇ ದಿಕ್ಕಿಗೆ, ಪ್ರತಿ ಹಲ್ಲಿಗೂ ಎಣಿಸಿ ಅಷ್ಟೇ ಸಲ ಉಜ್ಜಬೇಕು. ಎಡದ ಹಲ್ಲಿಗೆ ಮೂರು ಸಲ, ಬಲದ ಹಲ್ಲಿಗೆ ಐದು ಸಲ ಆದರೆ ಗರಗಸ ಓರೆಯಾಗಿ ಕೊಯ್ಯುತ್ತದೆ. ಬಲಗೈ ಬಳಸುವವರಿಗೆ ಒಂದು ಮಗ್ಗುಲು ಸಲೀಸು, ಇನ್ನೊಂದು ಕಷ್ಟ. ಕಷ್ಟದ ಮಗ್ಗುಲಿನಲ್ಲೇ ಮೋಸವಾಗುವುದು. ಹಲ್ಲಿನ ಮುಂದೆ ಇರುವ ಗಿಡ್ಡ ಗೂಟವನ್ನು ಹೆಚ್ಚಿನವರು ನೋಡುವುದೇ ಇಲ್ಲ. ಅದು ಹಲ್ಲಿಗಿಂತ ಸುಮಾರು 0.65 ಮಿಲಿಮೀಟರ್ ತಗ್ಗಾಗಿರಬೇಕು. ಹಲ್ಲು ಉಜ್ಜಿ ಉಜ್ಜಿ ತಗ್ಗಿದಂತೆ ಗೂಟ ಎತ್ತರವಾಗಿಯೇ ಉಳಿದರೆ ಹಲ್ಲು ಮರವನ್ನು ಮುಟ್ಟುವುದಿಲ್ಲ. ಹಾಗೆಂದು ಗೂಟವನ್ನು ತೀರ ಇಳಿಸಿದರೆ ಗರಗಸ ಕಚ್ಚಿಕೊಂಡು ಹಿಂದಕ್ಕೆ ಒದೆಯುತ್ತದೆ. ಅದು ಮುಖಕ್ಕೇ ಬರುವ ಅಪಾಯ. ಪ್ರತಿ ಸಲ ಟ್ಯಾಂಕ್ ತುಂಬುವಾಗ ಎಂಜಿನ್ನು ಆರುವವರೆಗೆ ಹೇಗೂ ಕಾಯಬೇಕಲ್ಲ, ಆ ಹೊತ್ತಿನಲ್ಲಿ ಹಲ್ಲಿಗೆ ಎರಡೆರಡು ಸಲ ಅರ ಹಾಕಿದರೆ ಸಾಕು.

ಚೈನು ಸರಿಯಿದ್ದೂ ಬಲವಿಲ್ಲದಿದ್ದರೆ ಏರ್ ಫಿಲ್ಟರ್ ತೆಗೆದು ತೊಳೆಯಿರಿ. ಆಮೇಲೆ ಸೈಲೆನ್ಸರ್ ನೋಡಿ. ಹೌದು, ಸೈಲೆನ್ಸರಿನಲ್ಲೇ ದೋಷವಿರುವುದೂ ಉಂಟು. ಆದರೆ ಅದು ಬಾಯಿ ಸಣ್ಣದೆಂದಲ್ಲ, ಜಾಲರಿಗೆ ಕರಿ ಮೆತ್ತಿದೆ ಎಂದು. ಜಾಲರಿ ತೆಗೆದು ತಂತಿ ಬ್ರಶ್ಶಿನಿಂದ ಉಜ್ಜಿ, ತೂತುಗಳು ಬೆಳಕಿಗೆ ಹಿಡಿದಾಗ ಕಾಣುವಂತಾದ ಮೇಲೆ ಅದೇ ಜಾಗದಲ್ಲಿ ಕೂರಿಸಿ. ಹರಿದಿದ್ದರೆ ಹೊಸದನ್ನು ಹಾಕಿ. ಕಿತ್ತು ಹಾಕಿದ ಕೂಡಲೇ ಬಲ ಬಂತು ಎನ್ನುವವರಲ್ಲಿ ಹಲವರಿಗೆ ಬಂದ ಬಲ ಈ ಕರಿ ಹೋದದ್ದರಿಂದಲೇ ಬಂದದ್ದು ಎಂದು ನಾನು ತಿಳಿಯುತ್ತೇನೆ. ಡಬ್ಬಿ ಬಿಚ್ಚಿದಾಗ ಇನ್ನೊಂದು ಕೆಲಸವನ್ನೂ ಮಾಡಿ. ಹೊಗೆಕಿಂಡಿಯಲ್ಲಿ ಟಾರ್ಚ್ ಹಾಕಿ ಪಿಸ್ಟನ್ನಿನ ಮೈ ನೋಡಿ. ನುಣುಪಾಗಿದ್ದರೆ ಕ್ಷೇಮ. ಮೇಲಿನಿಂದ ಕೆಳಕ್ಕೆ ಉದ್ದನೆಯ ಗೀರುಗಳಿದ್ದರೆ ಯಂತ್ರ ಆಗಲೇ ಒಮ್ಮೆ ಕಾದು ನೊಂದಿದೆ. ಹಳೆಯ ಗರಗಸ ಕೊಳ್ಳುವವರು ಬಣ್ಣ ನೋಡುವ ಬದಲು ಇದನ್ನು ನೋಡಿದರೆ ದುಡ್ಡು ಉಳಿಯುತ್ತದೆ.

ಇಷ್ಟಾದ ಮೇಲೂ ಸೈಲೆನ್ಸರ್ ತೆರೆಯಲೇಬೇಕು ಎನ್ನುವವರು ಮೊದಲು ಒಂದು ಪರೀಕ್ಷೆ ಮಾಡಲಿ. ಹತ್ತು ಇಂಚು ದಪ್ಪದ ಒಂದೇ ಒಣ ದಿಮ್ಮಿ, ಹರಿತವಾದ ಚೈನು, ಶುದ್ಧವಾದ ಫಿಲ್ಟರ್. ಮೂರು ಸಲ ಕೊಯ್ದು ಎಷ್ಟು ಸೆಕೆಂಡ್ ಆಯಿತು ಎಂದು ಗಡಿಯಾರದಲ್ಲಿ ನೋಡಿ ಬರೆದಿಡಿ. ಆ ಲೆಕ್ಕವನ್ನು ಮುಂದಿಟ್ಟುಕೊಂಡು ಕೇಳಿಕೊಳ್ಳಿ: ನನ್ನ ತೋಟದಲ್ಲಿ ವರ್ಷಕ್ಕೆ ಎಷ್ಟು ದಿಮ್ಮಿ ಕೊಯ್ಯುವುದಿದೆ? ವರ್ಷಕ್ಕೆ ಹದಿನೈದು ದಿನ ಗರಗಸ ಓಡಿಸುವ ಬೆಳೆಗಾರನಿಗೆ ಪ್ರತಿ ತುಂಡಿನಲ್ಲಿ ಒಂದೆರಡು ಸೆಕೆಂಡ್ ಉಳಿದರೂ ಎಲ್ಲ ಸೇರಿ ಒಂದು ಕಾಫಿ ಕುಡಿಯುವ ಹೊತ್ತಾದೀತು. ದಿನವೂ ದೊಡ್ಡ ದಿಮ್ಮಿ ಕೊಯ್ಯುವ ಗುತ್ತಿಗೆದಾರನ ಲೆಕ್ಕ ಬೇರೆ ಇರಬಹುದು. ಅವನು ಕೂಡ ಸುತ್ತು ಅಳೆಯುವ ಟ್ಯಾಕೋಮೀಟರ್ ಇರುವ ಮೆಕ್ಯಾನಿಕ್ಕಿನ ಕೈಯಲ್ಲೇ ಮಾಡಿಸಬೇಕು, ಜಾಲರಿ ಉಳಿಸಬೇಕು, ಕಿವಿಗೆ ಮುಚ್ಚಳ ಕೊಡಬೇಕು. ಕಾರ್ಬುರೇಟರನ್ನು ತಾನೇ ಹೊಂದಿಸಿಕೊಳ್ಳುವ ಹೊಸ ಮಾದರಿಗಳಿವೆ. ಅವುಗಳಿಗೂ ಒಂದು ಮಿತಿಯಿದೆ, ಆ ಮಿತಿ ದಾಟಿ ಬಾಯಿ ತೆರೆದರೆ ಅವೂ ಕೈಬಿಡುತ್ತವೆ. ವಾರಂಟಿಯಂತೂ ತೂತು ಕೊರೆದ ದಿನವೇ ಮುಗಿಯಿತು.

ಈಗಾಗಲೇ ಕೊರೆಸಿಬಿಟ್ಟವರು ಹೊಸ ಸೈಲೆನ್ಸರ್ ಹಾಕಿಸುವುದು ಒಳ್ಳೆಯದು. ಅದರ ಬೆಲೆ ಸಿಲಿಂಡರಿನ ಬೆಲೆಗಿಂತ ಬಹಳ ಕಡಿಮೆ. ಹೊಸದು ಸಿಗುವವರೆಗೆ ಯಂತ್ರವನ್ನು ಬೆಂಚಿನ ಮೇಲೆ ಇಟ್ಟುಬಿಡಿ. ಇಡಲು ಆಗದಿದ್ದರೆ ಮೆಕ್ಯಾನಿಕ್ಕಿನಿಂದ ಎಚ್ ಎಂದು ಗುರುತಿರುವ ತಿರುಪನ್ನು ಸ್ವಲ್ಪ ಎಡಕ್ಕೆ ತಿರುಗಿಸಿಸಿ ಪೆಟ್ರೋಲು ಹೆಚ್ಚಿಸಿಕೊಳ್ಳಿ. ಸರಿಯಾದದ್ದಕ್ಕೆ ಗುರುತು ಕಿವಿಯಲ್ಲೇ ಸಿಗುತ್ತದೆ: ಮರಕ್ಕೆ ತಾಗಿಸದೆ ಪೂರ್ತಿ ಎಕ್ಸಲರೇಟರ್ ಒತ್ತಿದಾಗ ಸದ್ದು ಸ್ವಲ್ಪ ಒಡೆದಂತೆ, ಗೊರಗೊರ ಎನ್ನುವಂತೆ ಇರಬೇಕು, ಮರಕ್ಕೆ ಇಳಿಸಿದ ಕೂಡಲೇ ಅದು ತಿಳಿಯಾಗಬೇಕು. ಖಾಲಿ ಓಟದಲ್ಲೇ ಸಿಳ್ಳೆಯಂತೆ ಚೂಪಾಗಿ ಕೂಗುತ್ತಿದ್ದರೆ ಕೂಡಲೇ ಕೈ ಬಿಟ್ಟು ಎಂಜಿನ್ ನಿಲ್ಲಿಸಿ.